ಸರ್ಪದ ಮೇಲೆ ಹೊರಿಸಿದ ತಪ್ಪು: ಕ್ರೈಸ್ತ ನೀತಿ, ಅತಿಮಾನುಷ ಮತ್ತು ಹೊಣೆಯ ಪ್ರಶ್ನೆ

ರಾಯಚೂರಿನಲ್ಲಿ ಭಾನುವಾರ ಬೆಳಗ್ಗೆ ಇಂಗ್ಲಿಷ್ ಎಂ.ಎ. ಓದುವ ನಾವು ಏಳೆಂಟು ಮಂದಿ ಕೂಡಿ ಪಠ್ಯ ಓದುತ್ತೇವೆ. ಹೋದ ವಾರ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ತೆಗೆದಿದ್ದೆವು. ಮೊದಲ ದೃಶ್ಯ ಮುಗಿಯುತ್ತಲೇ ಮಾನ್ವಿ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಈ ಮಾಟಗಾತ್ಯಾರು ಖರೇನ ಇದ್ರೋ, ಇಲ್ಲಾ ಅವನ ತಲಿಯಾಗ ಹುಟ್ಟಿದ್ದೋ?" ಅರ್ಧ ತಾಸು ಅದರಲ್ಲೇ ಹೋಯಿತು, ಯಾರೂ ಯಾರ ಮಾತನ್ನೂ ಒಪ್ಪಲಿಲ್ಲ. ಮನೆಗೆ ಬಂದ ಮೇಲೆ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕಿತ್ತು ಅನ್ನಿಸಿತು. ದೆವ್ವ ಇತ್ತೋ ಇಲ್ಲವೋ ಎನ್ನುವುದು ಹಾಗಿರಲಿ. ದೆವ್ವ ಕಥೆಯೊಳಗೆ ಬಂದ ಮೇಲೆ ತಪ್ಪಿನ ಹೊಣೆ ಯಾರ ಹೆಗಲಿಗೆ ಹೋಯಿತು? ಪರೀಕ್ಷೆಯ ಈ ಪತ್ರಿಕೆಗೆ ನಾವು ಓದಬೇಕಾದ ಎಲ್ಲ ಪಠ್ಯಗಳಿಗೂ ಈ ಪ್ರಶ್ನೆ ಹಾಕಬಹುದು. ಹಾಕಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಏದೆನ್ ತೋಟದಿಂದ ಶುರು

ಬೈಬಲಿನ ಆದಿಕಾಂಡದ ಮೂರನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಬೇಡವೆಂದ ಹಣ್ಣು ತಿಂದೆಯಾ ಎಂದು ದೇವರು ಕೇಳುತ್ತಾನೆ. ಆದಾಮ ಹೆಂಡತಿಯ ಕಡೆ ಬೆರಳು ತೋರಿಸುತ್ತಾನೆ. ಅದೂ ಬರೀ ಹೆಂಡತಿ ಅನ್ನುವುದಿಲ್ಲ, 'ನೀನು ನನಗೆ ಕೊಟ್ಟ ಹೆಂಗಸು' ಅನ್ನುತ್ತಾನೆ; ತಪ್ಪಿನ ಒಂದು ಪಾಲು ದೇವರಿಗೂ ಹೋಯಿತು. ಹವ್ವ ಸರ್ಪದ ಕಡೆ ತೋರಿಸುತ್ತಾಳೆ: ಅದು ನನ್ನನ್ನು ಮೋಸ ಮಾಡಿತು. ಸರ್ಪಕ್ಕೆ ತೋರಿಸಲು ಯಾರೂ ಉಳಿದಿಲ್ಲ. ಆದರೆ ಶಿಕ್ಷೆ ಮೂವರಿಗೂ ಆಗುತ್ತದೆ. ಸರ್ಪ ಇದ್ದದ್ದು ನಿಜವೇ ಆದರೂ ಕೈ ಚಾಚಿ ಹಣ್ಣು ಕಿತ್ತವರ ಲೆಕ್ಕ ಚುಕ್ತಾ ಆಗಲಿಲ್ಲ. (ಆ ಅಧ್ಯಾಯದಲ್ಲಿ ಸರ್ಪವನ್ನು ಎಲ್ಲೂ ಸೈತಾನ ಎಂದು ಕರೆದಿಲ್ಲ. ಸರ್ಪವೇ ಸೈತಾನ ಎಂಬ ಓದು ಆಮೇಲಿನದು. ಉತ್ತರ ಬರೆಯುವಾಗ ಇದನ್ನು ಮರೆಯಬೇಡಿ.)

ಕ್ರೈಸ್ತ ಚಿಂತನೆ ಮುಂದೆ ಕಟ್ಟಿಕೊಂಡದ್ದು ಇದರ ಮೇಲೆಯೇ: ಸೈತಾನ ಪುಸಲಾಯಿಸಬಲ್ಲ, ಕೈ ಹಿಡಿದು ಮಾಡಿಸಲಾರ. 354ರಿಂದ 430ರವರೆಗೆ ಬದುಕಿದ್ದ ಸಂತ ಅಗಸ್ಟೀನ್, ಕೆಡುಕಿಗೆ ತನ್ನದೇ ಆದ ದ್ರವ್ಯವಿಲ್ಲ, ಅದು ಒಳಿತಿನ ಕೊರತೆ ಎಂದ. ಕತ್ತಲೆಂದರೆ ಬೆಳಕು ಇಲ್ಲದಿರುವುದು, ಹಾಗೆ. ಮನಸ್ಸು ಒಳಿತಿಗೆ ಬೆನ್ನು ತಿರುಗಿಸಿದಾಗ ಪಾಪ.

ಇದರ ಜೊತೆ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನೂ ಇಟ್ಟುಕೊಳ್ಳಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಎನ್ನುತ್ತಾನೆ ಯೇಸು. "ಹಿಂದಿನ ಜನ್ಮದಾಗ ಏನ್ ಮಾಡಿದ್ನೋ" ಎಂಬ ಮಾತು ಕೇಳುತ್ತ ಬೆಳೆದ ನನಗೆ ಆ ಉತ್ತರ ಮೊದಲ ಸಲ ಓದಿದಾಗ ಎದೆಗೆ ತಾಕಿತ್ತು. ತಪ್ಪು ಮಾಡಿದವನಿಂದ ಹೊಣೆ ಜಾರಬಾರದು, ನೋವುಂಡವನ ಮೇಲೆ ತಪ್ಪು ಹೇರಲೂಬಾರದು. ಎರಡೂ ಕೂಡಿದರೇ ಈ ನೀತಿ ಪೂರ್ತಿಯಾಗುತ್ತದೆ.

ದೆವ್ವ ಎಂಬ ಪದ

ನಮ್ಮ ಸೀಮೆಗೆ ಕ್ರೈಸ್ತಧರ್ಮ ಬಂದು ಬಹಳ ಕಾಲವಾಯಿತು. ಮುದಗಲ್ಲಿನ ಕ್ಯಾಥೊಲಿಕ್ ಚರ್ಚು 1557ಕ್ಕೂ ಮೊದಲಿನದೆಂದು ಹಳೆಯ ಇಂಪೀರಿಯಲ್ ಗೆಝೆಟಿಯರ್ ಹೇಳುತ್ತದೆ. ಬಳ್ಳಾರಿಗೆ 1810ರಲ್ಲಿ ಬಂದವನು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. ಕನ್ನಡ ಬೈಬಲಿನ ಕೆಲಸಕ್ಕೆ ಕೈ ಹಚ್ಚಿದ್ದು ಅವನೇ. 1831ರ ಹೊತ್ತಿಗೆ ಪೂರ್ತಿ ಬೈಬಲು ಕನ್ನಡದಲ್ಲಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು 1824ರದು.

ಪದ ಹುಡುಕುವ ಕಷ್ಟ ಎಂಥದ್ದಿತ್ತು ಯೋಚಿಸಿ. ದುಷ್ಟ ಆತ್ಮಕ್ಕೆ ಕನ್ನಡ ಬೈಬಲಿನಲ್ಲಿ ದೆವ್ವ ಎಂಬ ಪದ ನಿಂತಿತು. ದೆವ್ವ ಎನ್ನುವುದು ದೈವದ ತದ್ಭವ. ಒಂದೇ ಬೇರು, ತುಳುನಾಡಿನಲ್ಲಿ ದೈವಕ್ಕೆ ಕೋಲ ಕಟ್ಟುತ್ತಾರೆ, ನಮ್ಮಲ್ಲಿ ದೆವ್ವಕ್ಕೆ ಬೇವಿನ ಸೊಪ್ಪು ಹಿಡಿಯುತ್ತಾರೆ. ಸ್ವಾರಸ್ಯವೆಂದರೆ ಗ್ರೀಕ್ ಪದಕ್ಕೂ ಇದೇ ಗತಿಯಾಗಿದೆ. 'ಡೈಮೋನ್' ಎಂದರೆ ಮೊದಲು ಯಾವುದೇ ದೈವಶಕ್ತಿ, ಒಳ್ಳೆಯದೂ ಆಗಬಹುದಿತ್ತು. ಕ್ರೈಸ್ತ ಬರವಣಿಗೆಯಲ್ಲಿ ಅದು ಪೂರ್ತಿ ಕೆಟ್ಟದ್ದಾಯಿತು.

ಹಾಗಾಗಿ ಆ ಕಾಲದ ಬಳ್ಳಾರಿಯ ಓದುಗನ ಕಿವಿಯಲ್ಲಿ 'ದೆವ್ವ ಹಿಡಿದವನು' ಎಂಬ ಮಾತು ಖಾಲಿಯಾಗಿ ಬಿದ್ದಿರಲಾರದು. ಇಲ್ಲಿ ಇವತ್ತಿಗೂ "ದೇವರು ಮೈಯಾಗ ಬಂದೈತಿ" ಅಂದರೆ ಜನ ಕೈ ಮುಗಿಯುತ್ತಾರೆ, "ದೆವ್ವ ಬಡದೈತಿ" ಅಂದರೆ ಹಿಂದೆ ಸರಿಯುತ್ತಾರೆ. ನಡುಗುವ ಮೈ ಒಂದೇ. ಯಾವ ಹೆಸರು ಕೊಡಬೇಕೆಂದು ತೀರ್ಮಾನಿಸುವವರು ಸುತ್ತ ನಿಂತವರು. ಅತಿಮಾನುಷವನ್ನು ಸಮಾಜದ ಕಡೆಯಿಂದ ಓದುವುದೆಂದರೆ ಆ ಸುತ್ತ ನಿಂತವರನ್ನು ಗಮನಿಸುವುದು.

ಫೌಸ್ಟಸ್: ಒಂದು ಪದದ ವ್ಯತ್ಯಾಸ

ಇಂಗ್ಲಿಷ್ ನಾಟಕಕಾರ ಮಾರ್ಲೋ 1593ರಲ್ಲಿ ತೀರಿಕೊಂಡ. 'ಡಾಕ್ಟರ್ ಫೌಸ್ಟಸ್' ಅಚ್ಚಾದದ್ದು ಆಮೇಲೆ, ಎರಡು ರೂಪದಲ್ಲಿ: 1604ರದ್ದು ಎ ಪಾಠ, 1616ರದ್ದು ಬಿ ಪಾಠ. 24 ವರ್ಷದ ಸುಖಕ್ಕೆ ಸೈತಾನನಿಗೆ ಆತ್ಮವನ್ನು ಬರೆದುಕೊಡುವ ಪಂಡಿತನ ಕಥೆ ನಿಮಗೆ ಗೊತ್ತು. ಕರಾರಿಗೆ ರಕ್ತದಲ್ಲಿ ಬರೆಯಲು ಹೋದಾಗ ಅವನ ರಕ್ತವೇ ಹೆಪ್ಪುಗಟ್ಟಿ ನಿಲ್ಲುತ್ತದೆ. 'ಮನುಷ್ಯನೇ, ಓಡು' ಎಂಬ ಲ್ಯಾಟಿನ್ ಅಕ್ಷರಗಳು ತೋಳಿನ ಮೇಲೆ ಕಾಣುತ್ತವೆ. ಅದಕ್ಕೂ ಮೊದಲು, ಅವನ ಕರೆಗೆ ಬಂದ ದೆವ್ವ ಮೆಫಿಸ್ಟೊಫಿಲಿಸನೇ, ಇಂಥ ಪ್ರಶ್ನೆ ಬಿಡು, ನನ್ನ ಆತ್ಮ ನಡುಗುತ್ತದೆ ಎಂದು ಹೇಳಿರುತ್ತಾನೆ. ಇಲ್ಲಿ ಅತಿಮಾನುಷವೆಲ್ಲ ಎಚ್ಚರಿಸುವ ಕೆಲಸವನ್ನೇ ಮಾಡುತ್ತಿದೆ. ಸಹಿ ಮಾತ್ರ ಮನುಷ್ಯನದು.

ಈಗ ಒಂದು ಸಾಲು. ಒಳ್ಳೆಯ ದೇವದೂತ, ಕೆಟ್ಟ ದೇವದೂತ ಇಬ್ಬರೂ ಬರುತ್ತಾರೆ (ಇವರು ಮಧ್ಯಯುಗದ ನೀತಿನಾಟಕಗಳಿಂದ ಬಂದವರು). ಕಾಲ ಮೀರಿತು ಎನ್ನುತ್ತಾನೆ ಕೆಟ್ಟವನು. ಮೀರಿಲ್ಲ ಎನ್ನುತ್ತಾನೆ ಒಳ್ಳೆಯವನು. ಎ ಪಾಠದಲ್ಲಿ ಅವನು ಹಾಕುವ ಷರತ್ತು 'ಫೌಸ್ಟಸ್ ಪಶ್ಚಾತ್ತಾಪ ಪಡಬಲ್ಲನಾದರೆ'. ಬಿ ಪಾಠದಲ್ಲಿ 'ಪಶ್ಚಾತ್ತಾಪ ಪಡುವ ಮನಸ್ಸು ಮಾಡಿದರೆ'. ಇಂಗ್ಲಿಷಿನಲ್ಲಿ ಬದಲಾದದ್ದು ಒಂದೇ ಸಣ್ಣ ಪದ, 'ಕ್ಯಾನ್' ಹೋಗಿ 'ವಿಲ್' ಬಂದಿದೆ. ಆದರೆ ಧರ್ಮಶಾಸ್ತ್ರವೇ ಬದಲಾಯಿತು. ಪಡಬಲ್ಲನೇ ಎಂದಾಗ, ಉದ್ಧಾರ ಆಗುವವರು ಯಾರೆಂದು ದೇವರು ಮೊದಲೇ ಆರಿಸಿದ್ದಾನೆ ಎಂಬ ಧರ್ಮಸುಧಾರಕ ಕ್ಯಾಲ್ವಿನ್‌ನ ವಾದದ ನೆರಳು ಬೀಳುತ್ತದೆ. ಶಕ್ತಿಯೇ ಇಲ್ಲದವನನ್ನು ತಪ್ಪಿತಸ್ಥ ಅನ್ನುವುದು ಹೇಗೆ? ಮನಸ್ಸು ಮಾಡಿದರೆ ಎಂದಾಗ ಹೊಣೆ ನೇರ ಅವನ ತಲೆಯ ಮೇಲೆ.

ಬಿ ಪಾಠ ಅಷ್ಟಕ್ಕೇ ಸುಮ್ಮನಿದ್ದರೆ ಸರಳವಾಗುತ್ತಿತ್ತು. ಕೊನೆಗೆ ಅಲ್ಲೇ ಮೆಫಿಸ್ಟೊಫಿಲಿಸ್, ನೀನು ಧರ್ಮಗ್ರಂಥ ತೆಗೆದಾಗ ಹಾಳೆ ತಿರುವಿ ನಿನ್ನ ಕಣ್ಣು ಎಲ್ಲಿ ಬೀಳಬೇಕೋ ಅಲ್ಲಿಗೆ ಒಯ್ದವನು ನಾನೇ ಎಂದು ಹೇಳುತ್ತಾನೆ. ಈ ಮಾತು ಎ ಪಾಠದಲ್ಲಿಲ್ಲ. ಅದನ್ನು ನಂಬುವುದಾ? ಸುಳ್ಳು ಹೇಳುವುದೇ ಕಸುಬಾದವನ ಮಾತದು. ಆ ಗಳಿಗೆಯಲ್ಲೂ ಫೌಸ್ಟಸ್‌ಗೆ ನೆಪವೊಂದನ್ನು ಕೈಗಿಟ್ಟು ಪಶ್ಚಾತ್ತಾಪದಿಂದ ದೂರ ಒಯ್ಯುತ್ತಿದ್ದಾನೆ ಎಂದು ನನ್ನ ಓದು. ನೀವು ಒಪ್ಪದಿದ್ದರೆ ಕಾರಣ ಬರೆಯಿರಿ. ಈ ಜಾಗದಲ್ಲಿ ಎರಡು ಉತ್ತರಕ್ಕೂ ಆಧಾರ ಸಿಗುತ್ತದೆ.

ಮ್ಯಾಕ್‌ಬೆತ್‌ಗೆ ಈಗ ಹೆಚ್ಚು ಹೇಳಬೇಕಿಲ್ಲ. ಮಾಟಗಾತಿಯರು ನೀನು ದೊರೆಯಾಗುತ್ತೀ ಅನ್ನುತ್ತಾರೆ. ಈಗಿರುವ ದೊರೆಯನ್ನು ಕೊಲ್ಲು ಎಂದು ಎಲ್ಲೂ ಅನ್ನುವುದಿಲ್ಲ. ಅದೇ ಬಯಲಿನಲ್ಲಿ ಜೊತೆಗಿದ್ದ ಬ್ಯಾಂಕೋಗೂ ಭವಿಷ್ಯ ಸಿಕ್ಕಿತು, ಅವನು ಕತ್ತಿ ಎತ್ತಲಿಲ್ಲ. ಮಾಟದ ಬಗ್ಗೆ ತಾನೇ 1597ರಲ್ಲಿ ಪುಸ್ತಕ ಬರೆದಿದ್ದ ಜೇಮ್ಸ್ ದೊರೆ ಸಿಂಹಾಸನದಲ್ಲಿದ್ದಾಗ ಈ ನಾಟಕ ಬಂತು ಎಂಬುದನ್ನು ಸೇರಿಸಿ. ಹ್ಯಾಮ್ಲೆಟ್‌ನದು ಇನ್ನೊಂದು ಬಗೆ: ಅಪ್ಪನ ಪ್ರೇತ ಪರ್ಗೆಟರಿಯ, ಅಂದರೆ ಸತ್ತವರು ಪಾಪ ತೊಳೆದುಕೊಳ್ಳುವ ತಾಣದ ಮಾತಾಡುತ್ತದೆ. ಆಗಿನ ಇಂಗ್ಲೆಂಡಿನ ಚರ್ಚು ಅದನ್ನು ಒಪ್ಪುತ್ತಿರಲಿಲ್ಲ. ಅದಕ್ಕೇ ಅವನಿಗೆ, ಇದು ಸೈತಾನನ ವೇಷವಿರಬಹುದು ಎಂಬ ಅನುಮಾನ. ಪ್ರೇತ ಹೇಳಿತೆಂದು ಚಿಕ್ಕಪ್ಪನನ್ನು ಕೊಲ್ಲಲು ಹೋಗದೆ ನಾಟಕ ಆಡಿಸಿ ಪರೀಕ್ಷಿಸುತ್ತಾನೆ.

ನಮ್ಮ ಬಂಡೆಗಳ ಮೇಲೊಂದು ಮಾತು

ಹೋಲಿಕೆಗೆ ದೂರ ಹೋಗಬೇಕಿಲ್ಲ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನವನ್ನು ನಾವೆಲ್ಲ ಅವನ ಹೆಸರು ಅದರಲ್ಲಿದೆ ಎಂಬ ಒಂದು ಅಂಕದ ಪ್ರಶ್ನೆಗಾಗಿ ಓದಿದ್ದೇವೆ. ಇದೇ ಶಾಸನದ ಪಾಠ ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಇದೆ. ಅದರೊಳಗಿನ ಮಾತು ನೋಡಿ: ಮೊದಲು ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ, ಇದು ಪ್ರಯತ್ನದ ಫಲ, ಚಿಕ್ಕವನೂ ಧರ್ಮದಲ್ಲಿ ತೊಡಗಿದರೆ ಇದನ್ನು ಪಡೆಯಬಹುದು. ಅಲ್ಲಿ ದೇವತೆಗಳು ಮನುಷ್ಯನನ್ನು ನಡೆಸುವುದಿಲ್ಲ. ಮನುಷ್ಯನ ನಡತೆ ಅವರನ್ನು ಕರೆತರುತ್ತದೆ. ಫೌಸ್ಟಸ್ ಮಂತ್ರದಿಂದ ಕರೆದದ್ದರ ಪಕ್ಕ ಇದನ್ನಿಡಿ.

ಸೇಲಂ, ಮತ್ತು ನಮ್ಮ ಓಣಿ

1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆರೋಪಕ್ಕೆ 19 ಮಂದಿಯನ್ನು ಗಲ್ಲಿಗೇರಿಸಿದರು. ಒಬ್ಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಆರೋಪಿಯ ಛಾಯೆ ಬಂದು ನನ್ನನ್ನು ಚಿವುಟಿತು ಎಂದು ಯಾರಾದರೂ ಹೇಳಿದರೆ ನ್ಯಾಯಾಲಯ ಅದನ್ನು ಸಾಕ್ಷಿಯೆಂದು ಹಿಡಿಯುತ್ತಿತ್ತು. ಆ ಹೊತ್ತು ತಾನು ಎಲ್ಲಿದ್ದೆ ಎಂದು ತೋರಿಸಿಯೂ ತಪ್ಪಿಸಿಕೊಳ್ಳಲಾಗದ ಸಾಕ್ಷಿ ಅದು.

ನಮ್ಮ ಕಡೆ ಇಂಥ ಮಾಟಕ್ಕೆ ಬಾನಾಮತಿ ಎಂಬ ಹೆಸರಿದೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಕೂಸೊಂದಕ್ಕೆ ಫಿಟ್ಸ್ ಬರತೊಡಗಿತು. ಮೂಲೆಮನೆಯ ಒಬ್ಬಂಟಿ ಮುದುಕಿಯ ಹೆಸರು ಅದು ಹೇಗೋ ಬಂತು. ಬೋರಿಂಗಿನಲ್ಲಿ ಅವಳ ಕೊಡವನ್ನು ಸರಿಸಿ ಇಟ್ಟರು. ಮಕ್ಕಳನ್ನು ಒಳಗೆ ಕರೆದುಕೊಂಡರು. ಎರಡು ತಿಂಗಳಿಗೆ ಅವಳು ಮಗಳ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಈಗ ಮೌಢ್ಯ ನಿಷೇಧ ಕಾಯ್ದೆಯೆಂದು ಜನ ಕರೆಯುವ 2017ರ ಕಾನೂನಿದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ಆಗ ಇರಲಿಲ್ಲ. ಇದ್ದರೂ ಕೊಡ ಸರಿಸಿದ್ದಕ್ಕೆ ಯಾರು ದೂರು ಕೊಡುತ್ತಿದ್ದರು?

ಸೇಲಂನಲ್ಲಿ ಮುಂದೆ ಕ್ಷಮೆ ಕೇಳಿದವರಿದ್ದಾರೆ, ಮತ್ತು ಆ ಕ್ಷಮೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಬಾಲ್ಯದಲ್ಲಿ ಹಲವರ ಮೇಲೆ ಆರೋಪ ಹೊರಿಸಿದ್ದ ಆ್ಯನ್ ಪಟ್ನಂ 1706ರಲ್ಲಿ ಚರ್ಚಿನಲ್ಲಿ ತಪ್ಪೊಪ್ಪಿಕೊಂಡಳು, ಕ್ಷಮೆಯನ್ನೂ ಬೇಡಿದಳು. ಆದರೆ ತನ್ನನ್ನು ಮೋಸಗೊಳಿಸಿದ್ದು ಸೈತಾನ ಎಂದಳು. ಹವ್ವಳ ಉತ್ತರವೇ. ನ್ಯಾಯಾಧೀಶರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಸೀವಲ್ 1697ರ ಜನವರಿಯಲ್ಲಿ ಬಾಸ್ಟನ್ನಿನ ಚರ್ಚಿನಲ್ಲಿ, ತನ್ನ ಚೀಟಿಯನ್ನು ಪಾದ್ರಿ ಓದುವಷ್ಟು ಹೊತ್ತು ಎಲ್ಲರೆದುರು ಎದ್ದು ನಿಂತಿದ್ದ. ಆ ತಪ್ಪಿನ ದೂಷಣೆಯೂ ನಾಚಿಕೆಯೂ ನನ್ನದಾಗಲಿ ಎಂದು ಅದರಲ್ಲಿತ್ತು. ಸೈತಾನನ ಹೆಸರು ಅದರಲ್ಲಿಲ್ಲ.

ನಮ್ಮ ಓಣಿಯಲ್ಲಿ ಯಾರೂ ಹಾಗೆ ಎದ್ದು ನಿಲ್ಲಲಿಲ್ಲ. ಒಳಗೆ ಬಾ ಎಂದು ಕರೆದಾಗ ಓಡಿ ಹೋದ ಮಕ್ಕಳಲ್ಲಿ ನಾನೂ ಇದ್ದೆ.