ಮೊಬೈಲ್ ಓಎಸ್: ಎಲ್ಲರೂ ಸೇರಿ ಕಟ್ಟಿದ್ದು ಏನಾಯಿತು?

ಆಂಡ್ರಾಯ್ಡ್ ಓಎಸ್ (ಫೋನ್ ನಡೆಸುವ ಮೂಲ ಸಾಫ್ಟ್‌ವೇರ್) ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬಳಸಬಹುದಾದದ್ದು, ಅಲ್ವಾ? ಹೌದು. ಆದರೆ ಅದನ್ನು ಬೆಳೆಸುವ ಕೆಲಸವನ್ನೆಲ್ಲ ಇನ್ನು ಒಳಗೇ ಮಾಡಿ, ಹೊಸ ಆವೃತ್ತಿ ಸಿದ್ಧವಾದ ಮೇಲೆ ಕೋಡ್ ಹೊರಗೆ ಬಿಡುತ್ತೇವೆ ಎಂದು 2025ರ ಮಾರ್ಚ್‌ನಲ್ಲಿ ಗೂಗಲ್ ಹೇಳಿತು. ಕೋಡ್ ಓದಲು ಸಿಕ್ಕರೆ ಸಾಕೇ, ಬರೆಯುವಾಗಲೂ ಜೊತೆಗಿರಬೇಕೇ? ಈ ಜಗಳ ಹಳೆಯದು.

1998ರಲ್ಲಿ ಫೋನ್ ಕಂಪನಿಗಳು ಸೇರಿ ಫೋನ್ ಓಎಸ್ ಮಾಡುವ ಸಿಂಬಿಯನ್ ಕಟ್ಟಿದವು. 2007ರಲ್ಲಿ ಲಿನಕ್ಸ್ ಎಂಬ ಓಪನ್ ಸೋರ್ಸ್ ಓಎಸ್ ನಂಬಿಕೊಂಡು ಲಿಮೋ ಒಕ್ಕೂಟ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ 34 ಕಂಪನಿಗಳ ಓಪನ್ ಹ್ಯಾಂಡ್‌ಸೆಟ್ ಅಲಯನ್ಸ್ ಆಂಡ್ರಾಯ್ಡ್ ಘೋಷಿಸಿತು. ಸಿಂಬಿಯನ್ ತನ್ನ ಕೋಡ್ ತೆರೆದಿಟ್ಟಾಗ 2010 ಬಂದಿತ್ತು. ತುಂಬಾ ತಡವಾಗಿತ್ತು.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಮೀಗೋ ವಿಷಯಕ್ಕೆ. ನೋಕಿಯಾದ ಬಳಿ ಮೇಮೋ ಇತ್ತು, ಇಂಟೆಲ್ ಬಳಿ ಮೊಬ್ಲಿನ್. ಎರಡೂ ಲಿನಕ್ಸ್. 2010ರ ಫೆಬ್ರುವರಿಯಲ್ಲಿ ಎರಡನ್ನೂ ಸೇರಿಸಿ ಮೀಗೋ ಮಾಡಿ, ಲಿನಕ್ಸ್ ಫೌಂಡೇಶನ್ ಮಡಿಲಿಗೆ ಹಾಕಿದರು. ಸುಮಾರು ಒಂದು ವರ್ಷಕ್ಕೆ, 2011ರ ಫೆಬ್ರುವರಿ 11ರಂದು, ನೋಕಿಯಾ ವಿಂಡೋಸ್ ಫೋನ್ ಕಡೆ ತಿರುಗಿತು. ಆಮೇಲೂ ಮೀಗೋ ಇದ್ದ ಎನ್9 ಫೋನ್ ಹೊರಬಂತು. ಮುಂಭಾಗದಲ್ಲಿ ಒಂದೂ ಬಟನ್ ಇಲ್ಲ. ಆ್ಯಪ್‌ನಿಂದ ಹೊರಬರಲು ಅಂಚಿನಿಂದ ಬೆರಳು ಸರಿಸಿದರೆ ಮುಗಿಯಿತು. ಇವತ್ತು ನಾವೆಲ್ಲ ದಿನವಿಡೀ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಫೋನ್ ಅಂಗಡಿಗೆ ಬರುವ ಮೊದಲೇ ಅದರ ಹಾದಿ ಮುಚ್ಚಿತ್ತು. ಸೆಪ್ಟೆಂಬರ್‌ನಲ್ಲಿ ಇಂಟೆಲ್ ಕೂಡ ಸ್ಯಾಮ್‌ಸಂಗ್ ಜೊತೆ ಟೈಜನ್ ಎಂಬ ಬೇರೆ ಓಎಸ್ ಕಡೆ ಹೊರಟಿತು.

ಆದರೆ ಮೀಗೋ ಕೋಡ್ ಉಳಿದಿತ್ತು. ಅದನ್ನು ಮೆರ್ ಹೆಸರಿನಲ್ಲಿ ಕೆಲವರು ಮುಂದುವರಿಸಿದರು. ನೋಕಿಯಾ ಬಿಟ್ಟವರು ಕಟ್ಟಿದ ಯೋಲ್ಲಾ ಕಂಪನಿ ಅದರ ಮೇಲೆ ಸೇಲ್‌ಫಿಶ್ ಓಎಸ್ ಮಾಡಿ, 2013ರಲ್ಲಿ ಫೋನ್ ತಂದಿತು. ಫೈರ್‌ಫಾಕ್ಸ್ ಬ್ರೌಸರ್‌ನವರ ಫೈರ್‌ಫಾಕ್ಸ್ ಓಎಸ್ ನಿಂತಾಗಲೂ ಹಾಗೇ ಆಯಿತು. ಅದರ ಕೋಡ್‌ನಿಂದ ಕೈಓಎಸ್ ಹುಟ್ಟಿತು. ಕಂಪನಿಗಳ ಒಪ್ಪಂದ ಒಂದು ಮೀಟಿಂಗ್‌ನಲ್ಲಿ ಮುರಿಯುತ್ತದೆ. ಕೋಡ್ ಯಾರು ಬೇಕಾದರೂ ಬಳಸಬಹುದೆಂಬ ಲೈಸೆನ್ಸ್ ಹಾಗೆ ಮುರಿಯುವುದಿಲ್ಲ.

ಹಾಗಾದರೆ ಇಂಥ ಓಎಸ್‌ಗಳು ಸಿಕ್ಕಿಕೊಂಡಿರುವುದು ಎಲ್ಲಿ? ಒಂದು, ಆ್ಯಪ್‌ಗಳಲ್ಲಿ. ಪ್ಲೇ ಸ್ಟೋರ್ ಬೇಕೆಂದ ಕಂಪನಿ ಆಂಡ್ರಾಯ್ಡ್‌ನ ಬೇರೆ ಕವಲನ್ನು (ಕೋಡ್ ಬದಲಿಸಿ ಮಾಡಿದ ರೂಪವನ್ನು) ಮಾರುವಂತಿರಲಿಲ್ಲ. ಈ ಷರತ್ತೂ ಸೇರಿದಂತೆ ಮೂರು ವಿಷಯಕ್ಕೆ ಯುರೋಪಿಯನ್ ಕಮಿಷನ್ 2018ರಲ್ಲಿ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು. ಕೋರ್ಟ್ ಅದನ್ನು ಮುಂದೆ ಸ್ವಲ್ಪ ಇಳಿಸಿತು.

ಇನ್ನೊಂದು, ಡ್ರೈವರ್‌ಗಳು, ಅಂದರೆ ಕ್ಯಾಮೆರಾದಂಥ ಭಾಗಗಳನ್ನು ನಡೆಸುವ ಕೋಡ್ ತುಣುಕುಗಳು. ಇದರ ಬಗ್ಗೆ ಮಾತು ಕಡಿಮೆ, ತೊಂದರೆ ಜಾಸ್ತಿ. ಹಳೇ ಫೋನಿಗೆ ಲಿನಕ್ಸ್ ಹಾಕಿ ನೋಡಿದವರಿಗೆ ಗೊತ್ತು: ಸ್ಕ್ರೀನ್ ಬೆಳಗುತ್ತದೆ, ವೈಫೈ ಹಿಡಿಯುತ್ತದೆ, ಕ್ಯಾಮೆರಾ ತೆರೆದರೆ ಬರೀ ಕಪ್ಪು. ಚಿಪ್ ಜೊತೆ ಮಾತಾಡುವ ಆ ತುಣುಕಿನ ಸೋರ್ಸ್ ಯಾರೂ ಕೊಟ್ಟಿರುವುದಿಲ್ಲ. ಹಳೇ ಫೋನುಗಳಿಗೆ ಲಿನಕ್ಸ್ ತರಲು 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್ ತಂಡದವರು ಒಂದೊಂದೇ ಫೋನ್ ಹಿಡಿದು ಕೂತು, ಇದು ಕೆಲಸ ಮಾಡುತ್ತೆ, ಇದು ಮಾಡಲ್ಲ ಎಂದು ಪಟ್ಟಿ ಬರೆಯುತ್ತಾ, ಆ ತುಣುಕುಗಳನ್ನು ಹೊಸದಾಗಿ ಕಟ್ಟುತ್ತಿದ್ದಾರೆ.