ಹೊಲಿಗೆ ಮಾಗಿದ ಮೇಲೂ ಉಳಿಯುವ ನೋವು

ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ವರ್ಷಗಳು ಕಳೆದಿದ್ದರೂ ಬಿಎಂಟಿಸಿ ಬಸ್ಸು ಹಂಪ್ ದಾಟುವಾಗಲೆಲ್ಲ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿಯುವವರು ಬೆಂಗಳೂರಿನಲ್ಲಿ ಅಪರೂಪವೇನಲ್ಲ. ಸಿಸೇರಿಯನ್ ಆದವರು, ಗರ್ಭಕೋಶ ತೆಗೆಸಿಕೊಂಡವರು, ಅಪೆಂಡಿಕ್ಸ್ ಒಡೆದು ಆಪರೇಷನ್ ಆದವರು ಇವರಲ್ಲಿ ಹೆಚ್ಚು. ಮನೆಯವರ ಪ್ರಕಾರ ಅದು ‘ಗ್ಯಾಸ್ಟ್ರಿಕ್’. ಸ್ಕ್ಯಾನಿಂಗ್ ರಿಪೋರ್ಟಿನ ಪ್ರಕಾರ ಎಲ್ಲವೂ ನಾರ್ಮಲ್. ನೋವು ಮಾತ್ರ ಎರಡನ್ನೂ ಒಪ್ಪುವುದಿಲ್ಲ.

ಹೊಟ್ಟೆಯ ಒಳಗೋಡೆಯನ್ನೂ ಕರುಳು, ಗರ್ಭಕೋಶ ಮೊದಲಾದ ಅಂಗಗಳ ಮೈಯನ್ನೂ ಪೆರಿಟೋನಿಯಂ ಎಂಬ ತೆಳುಪೊರೆಯೊಂದು ಆವರಿಸಿರುತ್ತದೆ. ಅಂಗಗಳು ಒಂದರ ಮೇಲೊಂದು ಸಲೀಸಾಗಿ ಜಾರುವುದು ಈ ಪೊರೆಯ ನುಣುಪಿನಿಂದ. ಕತ್ತರಿಸುವಾಗ, ಎಳೆದು ಹಿಡಿಯುವಾಗ, ಅಥವಾ ಗಂಟೆಗಟ್ಟಲೆ ಗಾಳಿಗೆ ಒಣಗಿದಾಗ ಪೊರೆ ಗಾಸಿಗೊಳ್ಳುತ್ತದೆ, ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ ಎಂಬ ಅಂಟಾದ ಪ್ರೋಟೀನು ಜಿನುಗಿ ಅಕ್ಕಪಕ್ಕದ ಮೈಗಳನ್ನು ಕಚ್ಚಿಸುತ್ತದೆ. ಪ್ಲಾಸ್ಮಿನ್ ಎಂಬ ಕಿಣ್ವವು ಈ ಅಂಟನ್ನು ಕೆಲವು ದಿನಗಳಲ್ಲಿ ಕರಗಿಸಿಬಿಟ್ಟರೆ ಪೊರೆ ಒಂದು ವಾರದ ಆಸುಪಾಸಿನಲ್ಲಿ ಮೊದಲಿನಂತಾಗುತ್ತದೆ. ಆದರೆ ಗಾಯ ಮತ್ತು ಉರಿಯೂತಗಳೇ ಆ ಕಿಣ್ವದ ಕೆಲಸವನ್ನು ಕುಗ್ಗಿಸುವುದರಿಂದ ಎಷ್ಟೋ ಕಡೆ ಅಂಟು ಹಾಗೆಯೇ ಉಳಿದು, ಅದರೊಳಗೆ ನಾರು ನೇಯುವ ಜೀವಕೋಶಗಳು ನುಗ್ಗಿ, ಕೊಲಾಜೆನ್ ತುಂಬಿ, ರಕ್ತನಾಳಗಳೂ ನರದ ಎಳೆಗಳೂ ಬೆಳೆದು ಗಟ್ಟಿಯಾದ ಪಟ್ಟಿಯಾಗುತ್ತದೆ. ವೈದ್ಯರು ಇದನ್ನು ಅಡೆಷನ್ ಎನ್ನುತ್ತಾರೆ, ಜನ ‘ಕರುಳು ಅಂಟಿಕೊಂಡಿದೆ’ ಎನ್ನುತ್ತಾರೆ. ಕೈಗವಸಿಗೆ ಹಾಕುತ್ತಿದ್ದ ಪುಡಿಯೂ ಇದಕ್ಕೆ ಕಾರಣವಾಗುತ್ತಿತ್ತು. ಪುಡಿ ಲೇಪಿಸಿದ ಶಸ್ತ್ರಚಿಕಿತ್ಸೆಯ ಕೈಗವಸುಗಳನ್ನು ಅಮೆರಿಕ 2017ರಲ್ಲಿ ನಿಷೇಧಿಸಿತು. ತೆಳುವಾದ ಈ ಪಟ್ಟಿಗಳು ಸಾಮಾನ್ಯ ಅಲ್ಟ್ರಾಸೌಂಡಿನಲ್ಲಾಗಲಿ ಸಿಟಿ ಸ್ಕ್ಯಾನಿನಲ್ಲಾಗಲಿ ನೇರವಾಗಿ ಕಾಣುವುದು ಕಡಿಮೆ. ಆದ್ದರಿಂದ ರಿಪೋರ್ಟು ನಾರ್ಮಲ್ ಬಂದ ಮಾತ್ರಕ್ಕೆ ನೋವು ಸುಳ್ಳೆಂದು ಯಾರೂ ತೀರ್ಮಾನಿಸಬಾರದು.

ಇಷ್ಟು ತಿಳಿದ ಮೇಲೆ, ಅಂಟನ್ನು ಬಿಡಿಸಿದರೆ ನೋವೂ ಹೋಗುತ್ತದೆಂದು ಯಾರಿಗಾದರೂ ಅನ್ನಿಸುತ್ತದೆ. ವಿಷಯ ಅಷ್ಟು ಸರಳವಲ್ಲ. ಹೊಟ್ಟೆ ತೆರೆದು ಆಪರೇಷನ್ ಮಾಡಿಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಅಡೆಷನ್ ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಯಾವ ನೋವೂ ಇರುವುದಿಲ್ಲ. ನೆದರ್ಲೆಂಡ್ಸಿನ ವೈದ್ಯರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ದೃಷ್ಟಿಯಿಂದ ಬಹಳ ಮುಖ್ಯ. ಅಡೆಷನ್ನಿನಿಂದ ನರಳುತ್ತಿದ್ದಾರೆಂದು ಭಾವಿಸಲಾದ 100 ಮಂದಿಗೂ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ತೂರಿಸಿ ಹೊಟ್ಟೆಯೊಳಗೆ ನೋಡುವ ವಿಧಾನ, ಮಾಡಿ, 52 ಮಂದಿಗೆ ಅಂಟು ಬಿಡಿಸಲಾಯಿತು, 48 ಮಂದಿಗೆ ಒಳಗೆ ನೋಡಿ ಸುಮ್ಮನೆ ಮುಚ್ಚಲಾಯಿತು. ತಮಗೆ ಯಾವುದಾಯಿತೆಂದು ರೋಗಿಗಳಿಗೆ ತಿಳಿಸಿರಲಿಲ್ಲ. ವರ್ಷದ ಬಳಿಕ ಎರಡೂ ಗುಂಪುಗಳಲ್ಲಿ ನೋವು ಸಾಕಷ್ಟು ಇಳಿದಿತ್ತು, ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಮೇಲಾಗಿ, ಅಂಟು ಬಿಡಿಸುವ ಆಪರೇಷನ್ನೇ ಹೊಸ ಅಂಟಿಗೆ ದಾರಿಯಾಗಬಹುದು, ಕರುಳಿಗೆ ತೂತು ಬೀಳುವ ಅಪಾಯವೂ ಇದೆ. ನೋವೊಂದೇ ಕಾರಣವಾಗಿ ಮತ್ತೆ ಹೊಟ್ಟೆ ಕೊಯ್ಸಿಕೊಳ್ಳಲು ಅವಸರಪಡುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ಅದಕ್ಕೂ ಮುನ್ನ ಮಾಡಿಸಬೇಕಾದ, ಖರ್ಚೇ ಇಲ್ಲದ ಪರೀಕ್ಷೆಯೊಂದಿದೆ. 1926ರಲ್ಲಿ ಕಾರ್ನೆಟ್ ಎಂಬ ಅಮೆರಿಕದ ಶಸ್ತ್ರವೈದ್ಯರು ಇದನ್ನು ವಿವರಿಸಿದರು. ರೋಗಿ ಅಂಗಾತ ಮಲಗಿ ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಬೇಕು. ವೈದ್ಯರು ಅಲ್ಲಿ ಬೆರಳೂರಿ ಒತ್ತಿ ಹಿಡಿದು, ತಲೆಯನ್ನೂ ಭುಜವನ್ನೂ ಮಂಚದಿಂದ ಮೇಲೆತ್ತಲು ಹೇಳುತ್ತಾರೆ. ಆಗ ಹೊಟ್ಟೆಯ ಸ್ನಾಯು ಬಿಗಿದು ಒಳಗಿನ ಅಂಗಗಳಿಗೆ ಮರೆಯಾಗುತ್ತದೆ. ನೋವು ತಗ್ಗಿದರೆ ಮೂಲ ಒಳಗಿರುವ ಸಾಧ್ಯತೆ ಹೆಚ್ಚು. ಹಾಗೇ ಉಳಿದರೆ ಅಥವಾ ಹೆಚ್ಚಿದರೆ ಅದು ಹೊಟ್ಟೆಯ ಗೋಡೆಯಲ್ಲೇ, ಬಹುಶಃ ಹೊಲಿಗೆಯ ಗಾಯದಲ್ಲಿ ಸಿಕ್ಕಿಕೊಂಡ ನರದಲ್ಲಿ ಇರಬಹುದು. ಸಿಸೇರಿಯನ್ನಿನ ಅಡ್ಡ ಕೊಯ್ತದ ಅಂಚಿನಲ್ಲಿ ಚುಚ್ಚುವ, ಉರಿಯುವ ನೋವು ಇಂಥದ್ದಾಗಿದ್ದರೆ, ಆ ಜಾಗಕ್ಕೆ ಕೊಡುವ ಅರಿವಳಿಕೆಯ ಚುಚ್ಚುಮದ್ದಿನಿಂದ ಕಾರಣವೂ ತಿಳಿಯುತ್ತದೆ, ಹಲವರಿಗೆ ಉಪಶಮನವೂ ಸಿಗುತ್ತದೆ.

ಮೂರು ತಿಂಗಳು ದಾಟಿದ ನೋವಿನಲ್ಲಿ ಇನ್ನೊಂದು ತೊಡಕಿದೆ: ಪದೇ ಪದೇ ಸಂಕೇತ ಪಡೆದ ಬೆನ್ನುಹುರಿಯ ನರಕೋಶಗಳು ಸಣ್ಣ ಎಳೆತಕ್ಕೂ ದೊಡ್ಡದಾಗಿ ಪ್ರತಿಕ್ರಿಯಿಸತೊಡಗುತ್ತವೆ. ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯನ್ನು ವೈದ್ಯರು ಬರೆಯುವುದು ಈ ಅತಿಸೂಕ್ಷ್ಮತೆಯನ್ನು ತಗ್ಗಿಸಲಿಕ್ಕೆ. ಔಷಧದಂಗಡಿಯ ಚೀಟಿಯಲ್ಲಿ ಅದನ್ನು ಖಿನ್ನತೆಯ ಮಾತ್ರೆಯೆಂದು ಓದಿ, ‘ನನಗೇನು ಹುಚ್ಚೇ’ ಎಂದು ಬಿಟ್ಟುಬಿಡುವವರಿದ್ದಾರೆ. ಬರೆದುಕೊಡುವಾಗಲೇ ಒಂದು ಮಾತು ವಿವರಿಸಿದ್ದರೆ ಆ ಪ್ರಮಾದ ತಪ್ಪುತ್ತಿತ್ತು. ಅಫೀಮಿನ ವರ್ಗದ ನೋವುನಿವಾರಕಗಳು ಕರುಳಿನ ಚಲನೆಯನ್ನೇ ನಿಧಾನಗೊಳಿಸುವುದರಿಂದ ದೀರ್ಘಕಾಲಕ್ಕೆ ಇಲ್ಲಿ ಒಳ್ಳೆಯ ಆಯ್ಕೆಯಲ್ಲ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ನಡೆಸುವ ಪೇನ್ ಕ್ಲಿನಿಕ್‌ಗಳಿವೆ, ಅಲ್ಲಿಗೊಮ್ಮೆ ಹೋಗುವುದು ಲೇಸು.

ದಿನನಿತ್ಯದ ಬದುಕಿನಲ್ಲಿ ಹೆಚ್ಚು ಕಷ್ಟವಾಗುವುದು ಕೆಲಸದ ಹದವೇ. ನೋವಿಲ್ಲದ ದಿನ ಮನೆಯನ್ನೆಲ್ಲ ಬಳಿದು, ಒರೆಸಿ, ಹಬ್ಬದ ಅಡುಗೆಯನ್ನೂ ಮುಗಿಸಿ ಮರುದಿನ ಹಾಸಿಗೆ ಹಿಡಿಯುವುದಕ್ಕಿಂತ, ನೋವು ಏಳುವ ಮುನ್ನವೇ ಕುಳಿತು ಸುಧಾರಿಸಿಕೊಂಡು, ದಿನವೂ ಒಂದೇ ಅಳತೆಯ ನಡಿಗೆಯನ್ನು ಬಿಡದೆ ಮಾಡುವುದು ಮೇಲು. ಊಟವನ್ನು ಸ್ವಲ್ಪಸ್ವಲ್ಪವಾಗಿ ಮಾಡಿ, ಮಲಬದ್ಧತೆಯಾಗದಂತೆ ನೋಡಿಕೊಳ್ಳಬೇಕು. ಕರುಳು ಒಮ್ಮೆ ಕಟ್ಟಿಕೊಂಡಿದ್ದವರು ಬಾಳೆದಿಂಡು, ಹಲಸಿನಂಥ ಹೆಚ್ಚು ನಾರಿನ ಪದಾರ್ಥಗಳ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಹೊಟ್ಟೆ ಉಬ್ಬಿ, ಅಲೆಯಲೆಯಾಗಿ ಹಿಂಡುವ ನೋವಿನೊಂದಿಗೆ ವಾಂತಿಯಾಗುತ್ತಾ, ಮಲವೂ ಗಾಳಿಯೂ ಹೋಗದೆ ನಿಂತರೆ ಮಾತ್ರ ಲೆಕ್ಕವೇ ಬೇರೆ. ಅದು ಕರುಳು ಕಟ್ಟಿಕೊಂಡಿರುವ ಸೂಚನೆ, ಸಣ್ಣ ಕರುಳಿನ ಅಡಚಣೆಗೆ ಅಡೆಷನ್ನೇ ಅತಿ ಸಾಮಾನ್ಯ ಕಾರಣ. ಸೋಡಾ, ಜೀರಿಗೆ ಕಷಾಯ, ಹರಳೆಣ್ಣೆ ಎಂದು ರಾತ್ರಿ ಕಳೆಯದೆ ತುರ್ತು ವಿಭಾಗಕ್ಕೆ ಹೋಗಬೇಕು, ಹೋಗುವಾಗ ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನೂ ಒಯ್ಯಬೇಕು. ಅದು ಸಿಗದಿದ್ದರೆ, ಇಪ್ಪತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ನಾದರೂ ಸರಿಯೇ, ಬಾಯಿಬಿಟ್ಟು ಹೇಳಬೇಕು.