ಸಮಾಜ ವಿಜ್ಞಾನ ನಿಜವಾಗಿ ವಿಜ್ಞಾನವಾ? ಒಬ್ಬ ಅಮ್ಮನ ಪ್ರಶ್ನೆ

ಪ್ರಶ್ನೆ: ಮಗಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಫುಲ್ ಎ ಪ್ಲಸ್ ಬಂದಿದೆ. ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಹ್ಯುಮ್ಯಾನಿಟೀಸ್ ತೆಗೆದುಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಇಷ್ಟು ಮಾರ್ಕು ತೆಗೆದು ಸೋಶಿಯಲ್ ಕಲಿಯುವುದಾ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಹೆಸರಿನಲ್ಲಿ ವಿಜ್ಞಾನ ಅಂತ ಇದೆ, ಆದರೆ ಅದು ನಿಜವಾಗಿ ವಿಜ್ಞಾನವಾ? ಫಿಸಿಕ್ಸ್, ಕೆಮಿಸ್ಟ್ರಿಗೂ ಅದಕ್ಕೂ ಏನು ವ್ಯತ್ಯಾಸ?
– ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬ ತಾಯಿ

ಅಕ್ಕಾ, ರಿಸಲ್ಟ್ ಬಂದ ವಾರವೇ ಈ ಪ್ರಶ್ನೆಯೂ ಬರುತ್ತದೆ. ಒಂದು ವರ್ಷ ಪೆರ್ಲದಿಂದ, ಇನ್ನೊಂದು ವರ್ಷ ಉಪ್ಪಳದಿಂದ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೌದು, ಅದೂ ವಿಜ್ಞಾನವೇ. ಆದರೆ ಅದರ ಕಷ್ಟ ಬೇರೆ ಥರದ್ದು. ಯಾವ ಥರದ್ದು ಅಂತ ನೋಡಲು ದೂರ ಹೋಗುವುದು ಬೇಡ, ಅಡಿಕೆ ತೋಟಕ್ಕೆ ಇಳಿದರೆ ಸಾಕು.

ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ ನಿಮಗೆ ಗೊತ್ತೇ ಇದೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಲ್ಲಿ ಕದಡುವುದು. ತಿಳಿ ನೀಲಿ ಬಣ್ಣ ಬರುತ್ತದೆ. ಆಮೇಲೆ ನನ್ನ ಅಜ್ಜ ಒಂದು ಪರೀಕ್ಷೆ ಮಾಡುತ್ತಿದ್ದರು. ಸೊಂಟದ ಪೀಶಕತ್ತಿ ತೆಗೆದು, ಅಲಗನ್ನು ಕಲ್ಲಿಗೆ ಉಜ್ಜಿ ಹೊಳಪು ಮಾಡಿ, ಮದ್ದಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುವುದು. ತೆಗೆದಾಗ ಅಲಗಿನ ಮೇಲೆ ಕೆಂಪು ಹಿಡಿದಿದ್ದರೆ "ಸುಣ್ಣ ಸಾಲದು" ಅಂತ ಇನ್ನೊಂದು ಹಿಡಿ ಸುಣ್ಣ. ಹೊಳಪು ಹಾಗೇ ಇದ್ದರೆ ಮದ್ದು ಸರಿಯಾಗಿದೆ ಅಂತ ಅರ್ಥ.

ಆ ಕೆಂಪು ತಾಮ್ರ. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ನೀರಿನಿಂದ ಬಿಟ್ಟು ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮ ಮಗಳು ಹತ್ತನೇ ತರಗತಿಯಲ್ಲಿ ಮೈಲುತುತ್ತಿನ ನೀರಿಗೆ ಕಬ್ಬಿಣದ ಮೊಳೆ ಹಾಕಿ ನೋಡುವ ಪಾಠ ಓದಿರುತ್ತಾಳೆ, ಅದೇ ಇದು. ಈ ಮಿಶ್ರಣ ಶುರುವಾದದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದರ ವಿಷಯ ಜಗತ್ತಿಗೆ ತಿಳಿಸಿದರು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಪ್ರಯೋಗಿಸಿ ನೋಡಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್. ಅದು 1910ರ ಆಸುಪಾಸಿನ ಮಾತು. ಅಂದಿನಿಂದ ಇಂದಿನವರೆಗೆ ಕತ್ತಿಯ ಪರೀಕ್ಷೆ ಒಮ್ಮೆಯೂ ಬೇರೆ ಉತ್ತರ ಕೊಟ್ಟಿಲ್ಲ. ತಾಮ್ರಕ್ಕೆ ತಾನು ಫ್ರಾನ್ಸಿನಲ್ಲಿದ್ದೇನಾ ಬಾಯಾರಿನಲ್ಲಿದ್ದೇನಾ ಎಂಬ ಪರಿವೆಯೇ ಇಲ್ಲ. ನಿಸರ್ಗ ವಿಜ್ಞಾನದ ದೊಡ್ಡ ಬಲ ಇದು. ಒಂದು ಕಡೆ ಕಂಡ ನಿಯಮ ಎಲ್ಲ ಕಡೆಯೂ ನಡೆಯುತ್ತದೆ.

ಈಗ ಇನ್ನೊಂದು ಪ್ರಶ್ನೆ. ಮದ್ದು ಗೊತ್ತಾಗಿ ನೂರು ವರ್ಷ ದಾಟಿತು. ಆದರೂ ಆಟಿಯಲ್ಲಿ, ಜೋರು ಮಳೆಯ ಆ ತಿಂಗಳಲ್ಲಿ, ತೋಟದ ತುಂಬ ಕೊಳೆತ ಅಡಿಕೆ ಯಾಕೆ ಬಿದ್ದಿರುತ್ತದೆ?

ಯಾರನ್ನು ಕೇಳಿದರೂ ಒಂದೇ ಮಾತು. "ಎರಡನೇ ಸಲ ಮದ್ದು ಬಿಡಲು ಜನ ಸಿಗಲಿಲ್ಲ." ಸರಿ, ಯಾಕೆ ಸಿಗಲಿಲ್ಲ? ಮರ ಹತ್ತುತ್ತಿದ್ದವರ ಮಕ್ಕಳು ಗಲ್ಫಿಗೆ ಯಾಕೆ ಹೋದರು? ಕೂಲಿ ಎಷ್ಟು ಏರಿದರೆ ಆ ಕೆಲಸಕ್ಕೆ ಹುಡುಗರು ಬರುತ್ತಾರೆ, ಅಥವಾ ಎಷ್ಟು ಏರಿದರೂ ಬರುವುದಿಲ್ಲವಾ? ಮರದಿಂದ ಬಿದ್ದರೆ ಮನೆಯವರಿಗೆ ಏನು ಗತಿ ಎಂಬ ಹೆದರಿಕೆ ಎಷ್ಟು, ಆ ಕೆಲಸಕ್ಕೆ ಮರ್ಯಾದೆ ಕಡಿಮೆ ಎಂಬ ಬೇಸರ ಎಷ್ಟು? ಪಕ್ಕದ ತೋಟದವರು ಮದ್ದು ಬಿಡದಿದ್ದರೆ ಅಲ್ಲಿನ ರೋಗ ಮಳೆಯ ಜೊತೆ ನಮ್ಮಲ್ಲಿಗೂ ಬರುತ್ತದೆ. ಹಾಗಾದರೆ ನಾವೊಬ್ಬರೇ ಖರ್ಚು ಮಾಡಿ ಏನು ಪ್ರಯೋಜನ? ಈ ಒಂದೊಂದು ಪ್ರಶ್ನೆಯೂ ಸಮಾಜ ವಿಜ್ಞಾನದ್ದು. ಕೊನೆಯದಂತೂ ಅರ್ಥಶಾಸ್ತ್ರದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆ. ಎಲ್ಲರೂ ಸೇರಿದರೆ ಎಲ್ಲರಿಗೂ ಲಾಭ ಅಂತ ಗೊತ್ತಿದ್ದೂ ಜನ ಯಾಕೆ ಸೇರುವುದಿಲ್ಲ? ಕೆಲವೊಮ್ಮೆ ಸೇರುತ್ತಾರೆ, ಅದು ಯಾಕೆ? 1970ರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದಾಗ ಬೆಳೆಗಾರರು ಸೇರಿದರು. 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳನ್ನು ಸೇರಿಸಿ ಕ್ಯಾಂಪ್ಕೋ ಎಂಬ ಬೆಳೆಗಾರರ ಸಹಕಾರ ಸಂಸ್ಥೆ ಹುಟ್ಟಿತು. ಆ ಧಾರಣೆಯನ್ನು ಎತ್ತಲು ಯಾವ ಮೈಲುತುತ್ತಿನಿಂದಲೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಳೆರೋಗ ತರುವ ಸೂಕ್ಷ್ಮಜೀವಿಯ ಕುಲದ ಹೆಸರು ಫೈಟಾಫ್ತೊರ. ಗಿಡವನ್ನು ಹಾಳು ಮಾಡುವುದು ಅಂತ ಅರ್ಥ. ಅದೇ ಕುಲದ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಬಟಾಟೆ ಗದ್ದೆಗಳಿಗೆ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವೆ, ಕಾಯಿಲೆಯಿಂದ ಸತ್ತರು. ಅದಕ್ಕಿಂತಲೂ ಜಾಸ್ತಿ ಜನ ಊರು ಬಿಟ್ಟರು. ಬಟಾಟೆ ಯಾಕೆ ಕೊಳೆಯಿತು ಅಂತ ಜೀವಶಾಸ್ತ್ರ ಹೇಳುತ್ತದೆ. ಆದರೆ ಅದೇ ವರ್ಷಗಳಲ್ಲಿ ಐರ್ಲೆಂಡಿನಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಬಡವರು ಒಂದೇ ಬೆಳೆ ನಂಬಿ ಯಾಕೆ ಬದುಕಬೇಕಾಯಿತು, ಭೂಮಿ ಯಾರ ಕೈಯಲ್ಲಿತ್ತು, ಧಾನ್ಯ ಇದ್ದೂ ಅವರ ಬಾಯಿಗೆ ಯಾಕೆ ಬರಲಿಲ್ಲ? ಇದನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸುವುದಿಲ್ಲ. ಬಟಾಟೆಯನ್ನು ಕೊಂದದ್ದು ರೋಗ. ಜನರನ್ನು ಕೊಂದದ್ದು ರೋಗವೊಂದೇ ಅಲ್ಲ. ಸೋಶಿಯಲ್ ಅಂದರೆ ಸುಮ್ನೆ ಇಸವಿ ಬಾಯಿಪಾಠ ಮಾಡುವುದು ಅಂತ ಹೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ವ್ಯತ್ಯಾಸದ ವಿಷಯ. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಸೂರ್ಯಗ್ರಹಣ ನೋಡಲು ಜನ ಸೇರಿದ್ದು ನೆನಪಿದೆಯಾ? ಎಷ್ಟು ಗಂಟೆಗೆ ಬಳೆ ಕಾಣುತ್ತದೆ, ಎಷ್ಟು ನಿಮಿಷ ಇರುತ್ತದೆ ಅಂತ ವರ್ಷಗಳ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಹಾಗೆಯೇ ಆಯಿತು. ನಾವು ಹೇಳಿದ್ದನ್ನು ಸೂರ್ಯ ಕೇಳಿಸಿಕೊಳ್ಳುವುದಿಲ್ಲ, ಚಂದ್ರನೂ ಇಲ್ಲ. ಆದರೆ ಮುಂದಿನ ತಿಂಗಳು ಅಡಿಕೆ ಧಾರಣೆ ಏರುತ್ತದೆ ಅಂತ ಒಬ್ಬ ತಜ್ಞರು ಪತ್ರಿಕೆಯಲ್ಲಿ ಬರೆಯಲಿ. ಅದನ್ನು ಓದಿದವರು ಸುಲಿದ ಅಡಿಕೆಯನ್ನು ಮಾರದೆ ಕಟ್ಟಿಡುತ್ತಾರೆ. ಮಾರುಕಟ್ಟೆಗೆ ಬರುವ ಅಡಿಕೆ ಕಡಿಮೆಯಾಗುತ್ತದೆ. ಧಾರಣೆ ಏರಿದರೆ ಅದು ಆ ಲೇಖನದಿಂದಲೂ ಏರಿರಬಹುದು! ಸಮಾಜ ವಿಜ್ಞಾನ ಅಧ್ಯಯನ ಮಾಡುವುದು ಕಿವಿ ಇರುವವರನ್ನು. ನೀವು ನೋಡುತ್ತಿದ್ದೀರಿ ಅಂತ ಅವರಿಗೆ ಗೊತ್ತು. ನೀವು ಹೇಳಿದ್ದು ಅವರಿಗೆ ಕೇಳುತ್ತದೆ. ಕೇಳಿದ ಮೇಲೆ ಅವರು ಬದಲಾಗುತ್ತಾರೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಡಿಗ್ರಿ ಮುಗಿಸಿದ ವರ್ಷ ಮನೆ ಮನೆ ಸಮೀಕ್ಷೆಯ ಕೆಲಸ ಸಿಕ್ಕಿತ್ತು. ಕೈಯಲ್ಲಿ ಫಾರಂ, ಮೊದಲ ಪ್ರಶ್ನೆಯೇ ವರ್ಷದ ಆದಾಯ. ಜಗಲಿಯಲ್ಲಿ ಕೂತ ಒಬ್ಬರು ಅಜ್ಜಿ ನನ್ನ ಫಾರಂ ನೋಡಿದರು, ಒಳಗೆ ಹೋಗಿ ಸೊಸೆಯ ಹತ್ತಿರ ಏನೋ ಮಾತಾಡಿ ಬಂದರು. ಹೇಳಿದ ಮೊತ್ತದಲ್ಲಿ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯ ಲೆಕ್ಕವೇ ಇರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಮಗಾ, ಇದರಿಂದ ನಮ್ಮ ರೇಷನ್ ಕಾರ್ಡು ಬಿಳಿ ಮಾಡುತ್ತಾರಾ?" ಬಿಳಿ ಅಂದರೆ ಸಬ್ಸಿಡಿ ಇಲ್ಲದವರ ಕಾರ್ಡು. ಆವತ್ತು ನಾನು ಬರೆದುಕೊಂಡ ಸಂಖ್ಯೆಗಳಲ್ಲಿ ಎಷ್ಟು ಆದಾಯ, ಎಷ್ಟು ಹೆದರಿಕೆ ಅಂತ ಇವತ್ತಿಗೂ ಬಿಡಿಸಲು ನನ್ನಿಂದ ಆಗುವುದಿಲ್ಲ. ಅಜ್ಜಿಯದ್ದು ತಪ್ಪಲ್ಲ. ಪ್ರಶ್ನೆ ಕೇಳಿದ ರೀತಿ ತಪ್ಪು. ಒಳ್ಳೆಯ ಸಮಾಜ ವಿಜ್ಞಾನಿ ನೇರವಾಗಿ ಆದಾಯ ಕೇಳಿ ಬಿಟ್ಟುಬಿಡುವುದಿಲ್ಲ. ಕಳೆದ ವಾರ ಮೀನಿಗೆ ಎಷ್ಟಾಯಿತು, ಶಾಲೆಗೆ ಎಷ್ಟು, ಮದ್ದಿಗೆ ಎಷ್ಟು ಅಂತ ಖರ್ಚನ್ನು ಒಂದೊಂದಾಗಿ ಕೇಳಿ ಎರಡನ್ನೂ ತಾಳೆ ನೋಡುತ್ತಾರೆ. ಅಜ್ಜನ ಕತ್ತಿಯ ಪರೀಕ್ಷೆ ಇದ್ದ ಹಾಗೆ, ಇದೂ ಒಂದು ಪರೀಕ್ಷೆಯೇ ಅಲ್ವಾ?

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಮಳೆಯನ್ನು ಅಳೆಯಲು ಒಂದು ಮಾಪಕ ಇಟ್ಟರೆ ಆಯಿತು. ಮಾತೃಭಾಷೆಯನ್ನು ಅಳೆಯುವುದು ಹೇಗೆ? ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಮಕ್ಕಳು ಎಷ್ಟಿಲ್ಲ! ಜನಗಣತಿಯಲ್ಲಿ ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ತಾಯಿ ಆ ವ್ಯಕ್ತಿಯ ಜೊತೆ ಆಡಿದ ಭಾಷೆ. ಆ ಲೆಕ್ಕದಲ್ಲಿ ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಕವಿತೆ ಬರೆಯುವ ತುಳು ತಾಯಿಯ ಮಗ ಕನ್ನಡದ ಸಾಲಿಗೆ ಬರುವುದಿಲ್ಲ. ಅದು ತಪ್ಪು ಅಂತ ಹೇಳುತ್ತಿಲ್ಲ. ಬೇರೆ ಪ್ರಶ್ನೆ ಕೇಳಿದರೆ ಬೇರೆ ಸಂಖ್ಯೆ ಬರುತ್ತದೆ, ಅಷ್ಟೆ. ಸಂಖ್ಯೆಯ ಹಿಂದೆ ಯಾವ ಪ್ರಶ್ನೆ ಇತ್ತು ಅಂತ ಹುಡುಕುವುದೂ ಈ ವಿಜ್ಞಾನದ ಕೆಲಸ. ಗಡಿಯ ಭಾಗ್ಯ ಇಂಥ ಸಂಖ್ಯೆಗಳ ಮೇಲೆ ನಿಂತಿದ್ದನ್ನು ಕಂಡ ಊರಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು.

"ಲ್ಯಾಬ್ ಇಲ್ಲ, ಪ್ರಯೋಗ ಇಲ್ಲ, ಅದೆಂಥ ವಿಜ್ಞಾನ" ಅಂತ ಕೆಲವರು ಹೇಳುತ್ತಾರೆ. ಖಗೋಳಶಾಸ್ತ್ರದವರು ನಕ್ಷತ್ರವನ್ನು ಲ್ಯಾಬಿಗೆ ತರುತ್ತಾರಾ? ಮುರಕಲ್ಲು ಆಗುವುದನ್ನು ನೋಡಲು ಭೂವಿಜ್ಞಾನಿ ಲಕ್ಷಾಂತರ ವರ್ಷ ಕಾಯುತ್ತಾರಾ? ಇದ್ದದ್ದನ್ನು ಹೋಲಿಸಿ ನೋಡಿಯೇ ಅವರೂ ಕಲಿಯುವುದು. ಹೋಲಿಸಲು ಕೇರಳ, ಕರ್ನಾಟಕದ ಗಡಿಯಲ್ಲಿರುವ ನಮ್ಮ ತಲಪಾಡಿಯಂಥ ಜಾಗ ಬೇಕಿದ್ದರೂ ಸಿಗುವುದು ಅಪರೂಪ. ಗೇಟಿನ ಆಚೆ ಈಚೆ ಒಂದೇ ಮಣ್ಣು, ಒಂದೇ ಮಳೆ, ಒಂದೇ ತುಳು. 1956ರ ನವೆಂಬರ್ 1ರ ತನಕ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಎರಡು ಸರ್ಕಾರ. ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದದ್ದು 1970ರ ಜನವರಿ 1ಕ್ಕೆ, ಕರ್ನಾಟಕದಲ್ಲಿ 1974ರ ಮಾರ್ಚ್ 1ಕ್ಕೆ. ಎರಡೂ ಕಡೆಯ ಗೇಣಿದಾರರ ಮೊಮ್ಮಕ್ಕಳು ಇವತ್ತು ಏನು ಓದಿದ್ದಾರೆ, ಎಷ್ಟು ಭೂಮಿ ಉಳಿದಿದೆ ಅಂತ ಹೋಲಿಸಿ ನೋಡಿದರೆ ಕಾನೂನು ಬದುಕನ್ನು ಹೇಗೆ ತಿರುಗಿಸುತ್ತದೆ ಅಂತ ಗೊತ್ತಾಗುತ್ತದೆ. ನಿಮ್ಮ ಮಗಳು ಮುಂದೆ ಇದನ್ನೇ ಮಾಡಿದರೆ ನನಗಂತೂ ತುಂಬ ಸಂತೋಷ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ಬರೆಯಲು ಕೈ ಭಾರವಾಗುತ್ತದೆ, ಆದರೂ ಬಿಡುವ ಹಾಗಿಲ್ಲ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ತೋಟದ ತಪ್ಪಲಿನ ಊರಿನ 117 ಗಂಡು ಮಕ್ಕಳನ್ನು ವಿಷ ಸೋಕದ ಊರಿನ 90 ಮಕ್ಕಳ ಜೊತೆ ಹೋಲಿಸಿದರು. ರಕ್ತ ಪರೀಕ್ಷೆ ಮಾಡಿದರು. ವಿಷ ಸೋಕಿದ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿತ್ತು. ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು, ಅದರ ಬಗ್ಗೆ ವಾದವೂ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಹೇಳಿತು. ರಕ್ತದಲ್ಲಿ ವಿಷ ಇದೆಯಾ ಅಂತ ಕೆಮಿಸ್ಟ್ರಿ ಹೇಳುತ್ತದೆ. ಆದರೆ ಸಂತ್ರಸ್ತರು ಅಂದರೆ ಯಾರು? ಪಟ್ಟಿಯಿಂದ ಹೊರಗೆ ಉಳಿದವರು ಯಾರು? ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ಕೂಲಿಗೆ ಹೋಗಲಾಗದ ಅಮ್ಮನ ಕಳೆದುಹೋದ ವರ್ಷಗಳಿಗೆ ಲೆಕ್ಕ ಯಾವುದು? ಅದಕ್ಕೆ ಬೇರೆ ವಿಜ್ಞಾನ ಬೇಕು. ಎರಡೂ ಬೇಕಾದ ಊರು ನಮ್ಮದು.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಒಂದು ಮಾತನ್ನು ಮುಚ್ಚಿಡಬಾರದು. ಪ್ಲಸ್ ಟು ಸೈನ್ಸ್ ಮಾಡಿದವರು ಮುಂದೆ ಅರ್ಥಶಾಸ್ತ್ರಕ್ಕೋ ಸಮಾಜಶಾಸ್ತ್ರಕ್ಕೋ ಹೋಗಬಹುದು. ಹ್ಯುಮ್ಯಾನಿಟೀಸ್ ಮಾಡಿ ಆಮೇಲೆ ಫಿಸಿಕ್ಸ್ ಡಿಗ್ರಿಗೆ ಹೋಗುವುದು ಕಷ್ಟ. ಅವಳಿಗೆ ಮನಸ್ಸು ಎರಡೂ ಕಡೆ ಎಳೆಯುತ್ತಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಎಳೆಯದಿದ್ದರೆ, ಅವಳ ಮನಸ್ಸು ಗಟ್ಟಿ ಇದ್ದರೆ, ಮಾರ್ಕು ಜಾಸ್ತಿ ಬಂತು ಎಂಬ ಒಂದೇ ಕಾರಣಕ್ಕೆ ಸೈನ್ಸಿಗೆ ತಳ್ಳಬೇಡಿ. ಇನ್ನೊಂದು, ಗಣಿತ ಬಿಡಲು ಹ್ಯುಮ್ಯಾನಿಟೀಸ್ ಅಂತ ಅವಳು ಅಂದುಕೊಂಡಿದ್ದರೆ ಈಗಲೇ ಹೇಳಿಬಿಡಿ. ಅರ್ಥಶಾಸ್ತ್ರಕ್ಕೆ ಗಣಿತ ಬೇಕು, ಸಮೀಕ್ಷೆಯ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬೇಕು. ಹತ್ತಿರದ ಹೈಯರ್ ಸೆಕೆಂಡರಿಯಲ್ಲಿ ಯಾವ ಯಾವ ವಿಷಯ ಒಟ್ಟಿಗೆ ಸಿಗುತ್ತದೆ ಅಂತ ಅಲ್ಲಿಗೇ ಹೋಗಿ ವಿಚಾರಿಸಿ. ಒಂದು ದಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಹೋಗಿ ಬನ್ನಿ. ಅಲ್ಲಿ ಜೀನೋಮಿಕ್ ಸೈನ್ಸ್ ವಿಭಾಗವೂ ಇದೆ, ಅರ್ಥಶಾಸ್ತ್ರ, ಸೋಶಿಯಲ್ ವರ್ಕ್, ಭಾಷಾವಿಜ್ಞಾನದ ವಿಭಾಗಗಳೂ ಇವೆ. ಮಗಳನ್ನು ಜೊತೆಗೇ ಕರೆದುಕೊಂಡು ಹೋಗಿ. ಅಲ್ಲಿ ಕೇಳಬೇಕಾದ್ದನ್ನು ಅವಳೇ ಕೇಳಲಿ.